ಹುಸೇನಸಾಬ ಬಿಗಿ ಮಾಡಿದ ಬೋಲ್ಟು

ಬೋಲ್ಟಿನ ತಲೆಯ ಮೇಲೆ ಒಂದು ಹನಿ ಡೀಸೆಲ್ ಕೂತಿದೆ, ಅದರೊಳಗೆ ಬಿಸಿಲು ಹೊಕ್ಕು ನೀಲಿ, ಹಳದಿ, ನವಿಲುಗರಿಯ ಹಸಿರು, ಎಷ್ಟು ಚಂದ — ಚಂದ ನೋಡುವ ಹೊತ್ತೇ ಇದು, ಶಂಕ್ರಪ್ಪನಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು, ಹನಿಯನ್ನು ಹೆಬ್ಬೆರಳಿನಿಂದ ಒರೆಸಿ ಪಾನಾ ಕೂಡಿಸಿದ, ಹಲ್ಲು ಕಚ್ಚಿ ಎಳೆದ, ಪಾನಾ ಜಾರಿತು, ಬೆರಳಿನ ಗೆಣ್ಣು ಬಾನೆಟ್ಟಿನ ಕಂಬಿಗೆ ಬಡಿದು ಚರ್ಮ ಕಿತ್ತು ಬಂತು, ಬೋಲ್ಟು ಮಾತ್ರ ಕೂತಲ್ಲಿಂದ ಮಿಸುಕಲಿಲ್ಲ. ಹಾನಗಲ್ಲು ಹಿಂದೆ ಉಳಿಯಿತು, ಬಂಕಾಪುರ ಇನ್ನೂ ಮುಂದಿದೆ, ಅದರಾಚೆಗೆ ಸವಣೂರು, ನಡುವೆ ಈ ರಸ್ತೆ, ರಸ್ತೆಯ ಅರ್ಧಕ್ಕೆ ಒಣಹಾಕಿದ ಗೋವಿನಜೋಳ, ಜೋಳದ ಪಕ್ಕಕ್ಕೆ ಸರಿದು ನಿಂತ ತನ್ನ ಹಳೆಯ ಅಂಬಾಸಿಡರ್ ಕಾರು — ಅಕ್ಕಿಆಲೂರು ದಾಟಿದಾಗಿನಿಂದಲೇ ಕೆಮ್ಮುತ್ತಿತ್ತು, ಏರಿನಲ್ಲಿ ಉಸಿರು ಕಟ್ಟಿದಂತೆ ಎಳೆದು ಎಳೆದು, ಇಳಿಜಾರಿನಲ್ಲಿ ಚೇತರಿಸಿಕೊಂಡು, ಕೊನೆಗೆ ಇಲ್ಲಿ ಬಂದು ಒಮ್ಮೆ ಗಂಟಲು ಕೆರೆದುಕೊಂಡು ಸುಮ್ಮನಾಗಿಬಿಟ್ಟಿತು. ಫಿಲ್ಟರು ಕಟ್ಟಿದೆ, ಮತ್ತೇನಲ್ಲ, ಟಾಕಿಯಲ್ಲಿ ಡೀಸೆಲ್ ಇದೆ, ಅದು ಇಂಜಿನ್ನಿಗೆ ಮುಟ್ಟುತ್ತಿಲ್ಲ, ನಡುವಿನ ಈ ಬಟ್ಟಲಿನೊಳಗೆ ರಾಡಿ ತುಂಬಿದೆ, ಹೊಸ ಫಿಲ್ಟರು ಡಿಕ್ಕಿಯಲ್ಲೇ ಇದೆ, ಬಟ್ಟಲು ಬಿಚ್ಚಿ ಹಳೆಯದು ತೆಗೆದು ಹೊಸದು ಹಾಕಿದರೆ ಮುಗಿಯಿತು, ಬಟ್ಟಲನ್ನು ಹಿಡಿದಿರುವುದು ಇದೊಂದೇ ಬೋಲ್ಟು, ಇದು ಬಿಟ್ಟರೆ ಎಲ್ಲ ಬಿಟ್ಟಂತೆ. ಹಿಂದಿನ ಸೀಟಿನಲ್ಲಿ ಮರಿಯಮಬಿ ಕಾಲು ಚಾಚಿ ಕೂತಿದ್ದಾಳೆ, ಸವಣೂರಿನ ಗೆಳೆಯ ಹುಸೇನಸಾಬನ ಅಕ್ಕ, ತಮ್ಮನಿಗೆ ಆರಾಮಿಲ್ಲವೆಂದು ನೋಡಲು ಹೊರಟವಳು, ಆ ತಮ್ಮ ಬೆಳಗಿನ ನಮಾಜು ಮುಗಿಸಿ ಚಾಪೆಯ ಮೇಲೆಯೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲ, ಗೊತ್ತಿರುವುದು ಶಂಕ್ರಪ್ಪನಿಗೆ, ಬೋಲ್ಟಿಗೆ ಮುಖ ಕೊಟ್ಟು ನಿಂತ ಶಂಕ್ರಪ್ಪನಿಗೆ. ಇಳಿಹೊತ್ತಿನ ಅಸರ್ ನಮಾಜು ಮುಗಿದ ಕೂಡಲೇ ಮಣ್ಣಿಗೆ ಎತ್ತುತ್ತಾರೆ, ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ, ಎತ್ತುವುದರೊಳಗೆ ಮನೆ ಮುಟ್ಟಿದರೆ ತಮ್ಮನ ಮುಖ ನೋಡುತ್ತಾಳೆ, ಇಲ್ಲದಿದ್ದರೆ ಇಲ್ಲ.

ಅಸದನ ಫೋನು ಬಂದಾಗ ದುಂಡಸಿಯ ಹಿತ್ತಲಲ್ಲಿ ತಾನು ಹಲ್ಲುಜ್ಜುತ್ತ ನಿಂತಿದ್ದು, ಅಸದ ಹುಸೇನಸಾಬನ ಹಿರಿಮಗ, ಕಾಕಾ, ಅಬ್ಬಾ ಹೋದ್ರು ಅಂದ, ಎಲ್ಲಿಗೆ ಹೋದ ಇಷ್ಟು ಲಗೂನ, ಗ್ಯಾರೇಜಿಗೇನು, ಎಂದು ಕೇಳಿಯೇಬಿಟ್ಟಿದ್ದ ಶಂಕ್ರಪ್ಪ, ಕೇಳಿ ಮುಗಿಯುವುದರೊಳಗೆ ತಿಳಿದಿತ್ತು, ತಿಳಿದ ಮೇಲೂ ಬಾಯಲ್ಲಿ ಕಡ್ಡಿ ಹಾಗೇ ಇತ್ತು. ಫುಪ್ಪೂನ ಕರಕೊಂಡ ಬರ್ರಿ ಕಾಕಾ, ನಿಮ್ಮ ಗಾಡಿ ಬಿಟ್ರ ಬ್ಯಾರೆ ಗಾಡ್ಯಾಗ ಆಕಿ ಕುಂದ್ರಾಕ ಆಗೂದಿಲ್ಲ — ಹೌದು, ಅವನ ಸೋದರತ್ತೆ ಮರಿಯಮಬಿ, ಸೊಂಟ ಮುರಿದು ಸಲಾಕೆ ಹಾಕಿಸಿಕೊಂಡ ಹೆಂಗಸು, ಕಾಲು ಮಡಚಲು ಬರುವುದಿಲ್ಲ, ಈಗಿನ ಕಾರುಗಳಲ್ಲಿ ಎಲ್ಲಿ ಚಾಚಬೇಕು, ಈ ಅಂಬಾಸಿಡರಿನ ಹಿಂದಿನ ಸೀಟು ಅಂದರೆ ಹೊರಸು ಇದ್ದ ಹಾಗೆ. ಹೆಂಡತಿ ಸರೋಜವ್ವ ಅಂಗಿ ತಂದು ಕೊಟ್ಟಳು, ಒಂದು ರೊಟ್ಟಿ ತಿಂದು ಹೋಗ್ರಿ ಅನ್ನಲಿಲ್ಲ, ಅಕ್ಕಾರಿಗೆ ದಾರ್ಯಾಗ ಹೇಳಬ್ಯಾಡ್ರಿ, ವಯಸ್ಸಾದ ಜೀವ, ಮನಿ ಮುಟ್ಟಿದ ಮ್ಯಾಲ ಹೆಂಗಿದ್ರೂ ತಿಳೀತೈತಿ, ಎಂದಳು, ಅಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಈ ಸೀಮೆಯಲ್ಲಿ ಸತ್ತ ಸುದ್ದಿಯನ್ನು ಯಾರು ನೆಟ್ಟಗೆ ಹೇಳಿದ್ದಾರೆ, ಸೀರಿಯಸ್ ಐತಿ, ಲಗೂನ ಬರ್ರಿ ಅನ್ನುತ್ತಾರೆ, ಸೀರಿಯಸ್ ಅಂದರೆ ಏನೆಂದು ತೊಟ್ಟಿಲ ಕೂಸಿಗೂ ಗೊತ್ತು, ಅದಕ್ಕೇ ತಾನು ಆ ಶಬ್ದವನ್ನು ಬಳಸಬಾರದು ಎಂದು ದಾರಿಯುದ್ದಕ್ಕೂ ತಾಲೀಮು ಮಾಡಿಕೊಂಡು ಹೋದ, ಹಂಸಭಾವಿಯಲ್ಲಿ ಮರಿಯಮಬಿ ಕಟ್ಟೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು, ಅಕ್ಕಾ, ಹುಸೇನಸಾಬ್ರಿಗೆ ಸ್ವಲ್ಪ ಆರಾಮಿಲ್ಲರಿ, ನಿಮ್ಮನ್ನ ನೋಡಬೇಕಂದ್ರು, ಕರಕೊಂಡ ಬಾ ಅಂದ್ರು, ಎಂದ, ಎಷ್ಟು ಸಲೀಸಾಗಿ ಅಂದೆ ಎಂದು ತನಗೇ ಅಚ್ಚರಿ. ಅವಳು ಅವನನ್ನು ಒಂದಿಷ್ಟು ಹೊತ್ತು ನೋಡಿದಳು, ಭಾಳ ಐತೇನು ಅಂದಳು, ಇಲ್ಲರಿ, ಆರಾಮ ಆಗತಾರ, ಡಾಕ್ಟರ್ ನೋಡ್ಯಾರ. ಬೆಳ್ಳುಳ್ಳಿಯ ಬುಟ್ಟಿ ಸರಿಸಿದಳು, ಸೊಸೆಯನ್ನು ಕರೆದು ಗೋಡೆಯ ಮಾಡಿನಲ್ಲಿದ್ದ ಮಕ್ಕಾದ ಜಮ್‌ಜಮ್ ನೀರಿನ ಸಣ್ಣ ಬಾಟಲಿ ತರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು, ತಮ್ಮನಿಗೆ ಕುಡಿಸಲಿಕ್ಕೆ ಇರಬೇಕು ಎಂದುಕೊಂಡು ಶಂಕ್ರಪ್ಪ ಆ ಕಡೆ ಮುಖ ತಿರುವಿದ.

ಪಾನಾ ಒರೆಸಿ ಮತ್ತೆ ಕೂಡಿಸಿದ. ಮೆಲ್ಲಗೆ, ಅವಸರ ಮಾಡಿದರೆ ಬೋಲ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಗುಂಡಗಾದ ಬೋಲ್ಟು ಕಿವುಡ ಇದ್ದ ಹಾಗೆ, ಯಾರ ಮಾತೂ ಕೇಳುವುದಿಲ್ಲ — ಇದು ಹುಸೇನಸಾಬನ ಮಾತು, ಶಿಗ್ಗಾಂವದ ಪೇಟೆಗೆ ಕಾಳು ಹಾಕಿ ತಿರುಗಿ ಬರುವಾಗಲೆಲ್ಲ ಸವಣೂರಿನ ದಾರಿ ಹಿಡಿದು, ಬಳಸು ದಾರಿ ಎಂದು ಸರೋಜವ್ವ ಬೈದರೂ ಬಿಡದೆ, ಅವನ ಗ್ಯಾರೇಜಿನಲ್ಲಿ ಹಳೇ ಟಾಯರಿನ ಮೇಲೆ ಕೂತು ಕೇಳಿದ ಇಂಥ ಮಾತುಗಳು ಒಂದೇ ಎರಡೇ. ಬಾಗಿಲಲ್ಲಿ ನಿಂತು, ಏ ಮಂಗ್ಯಾನ ಮಗನ, ಅದೀಯೇನು, ಎಂದು ಇವನು ಕೂಗುವುದು, ಯಾವುದೋ ಕಾರಿನ ಅಡಿಯಿಂದ, ಬಾರಪಾ ಮಂಗ್ಯಾ, ಮಗನ್ನ ನೋಡಾಕ ಬಂದಿಯೇನು, ಎಂದು ಅವನು ಜವಾಬು ಕೊಡುವುದು, ಮೊದಮೊದಲು ಗಿರಾಕಿಗಳು ಗಾಬರಿಯಾಗಿ ನೋಡುತ್ತಿದ್ದರು, ಜಗಳ ಹತ್ತಿತೇನೋ ಎಂದು, ಆಮೇಲೆ ಆಮೇಲೆ ಅದೇ ಅವರಿಬ್ಬರ ನಮಸ್ಕಾರ, ಅದೇ ಸಲಾಮು, ಮದುವೆಯ ಮಂಟಪದಲ್ಲೂ ಅದೇ, ಶಂಕ್ರಪ್ಪನ ಅವ್ವ ತೀರಿದಾಗ ಮಣ್ಣಿಗೆ ಬಂದು ಅವನು ಕಿವಿಯಲ್ಲಿ ಅಂದದ್ದೂ ಅದನ್ನೇ, ಅಳಬ್ಯಾಡೋ ಮಂಗ್ಯಾ, ಮಗ ಅದೇನಿ ನಾ. ಆ ಬಾಯಿ ಸುಮ್ಮನಿದ್ದದ್ದನ್ನು ಯಾರು ಕಂಡಿದ್ದಾರೆ, ಸವಣೂರಿನ ವೀಳ್ಯದೆಲೆ ಸದಾ ದವಡೆಯಲ್ಲಿ, ಎಲೆ ತೀರಿದರೆ ಬೈಗುಳ, ಬೈಗುಳ ತೀರಿದರೆ ನಗೆ, ಗದ್ದ ಮಾತ್ರ ಒಂದೇ ಸಮ ಆಡುತ್ತಲೇ ಇರಬೇಕು, ನಿದ್ದೆಯಲ್ಲೂ ಆಡತೈತಿ ಎಂದು ಅವನ ಹೆಂಡತಿ ಗೌಸಬಿ ಹೇಳಿ ನಗುತ್ತಿದ್ದಳು. ಕಳೆದ ಸಲ ಇದೇ ಬೋಲ್ಟಿಗೆ ಇದೇ ಪಾನಾ ಕೂಡಿಸಿ ಎಳೆದ ಹುಸೇನಸಾಬ, ಮತ್ತೆ ಎಳೆದ, ಬೆವರು ಒರೆಸಿಕೊಂಡು ಡಬ್ಬಿಯ ಮೇಲೆ ಕೂತ, ಇವತ್ತ ಬ್ಯಾಡ, ಬೋಲ್ಟಿಗೆ ಮನಸ್ಸಿಲ್ಲ, ನಾನ ಬಿಗಿ ಮಾಡಿದ್ದು, ನನ್ನ ಮ್ಯಾಲೆ ಸಿಟ್ಟಿನ್ಯಾಗ ಐತಿ, ಚಿಮಣಿ ಎಣ್ಣಿ ಕುಡಸೇನಿ, ನಾಕ ದಿನ ಕುಡೀಲಿ, ಹೊಸ ಫಿಲ್ಟರ್ ಡಿಕ್ಕ್ಯಾಗ ಇಟ್ಟೇನಿ, ಮುಂದಿನ ಸಲ ಹಾಕೋಣು — ಮುದುಕಾದಿ ನೋಡು ಮಂಗ್ಯಾನ ಮಗನ, ಎಂದು ಚೇಷ್ಟೆ ಮಾಡಿದ್ದ ತಾನು, ಅವನು ನಕ್ಕಿದ್ದ, ನಗುತ್ತ ಎಡಗೈಯನ್ನು ಎದೆಯ ಮೇಲೆ ಉಜ್ಜಿಕೊಂಡಿದ್ದ, ಎಣ್ಣೆಯ ಕೈ, ಅಂಗಿಗೆ ಕಲೆಯಾಯಿತೆಂದು ಗೌಸಬಿ ಬೈಯುತ್ತಾಳೆ ಎಂದಷ್ಟೇ ತನಗೆ ಅನ್ನಿಸಿತ್ತು. ಹುಸೇನಸಾಬ ಒಂದು ಬೋಲ್ಟನ್ನು ಬಿಚ್ಚದೆ ಬಿಟ್ಟ ಎಂದರೆ ಏನೆಂದು ಅವತ್ತೇ ತಿಳಿಯಬೇಕಿತ್ತು.

ಬಲಕ್ಕೋ ಎಡಕ್ಕೋ, ಒಮ್ಮೆಲೇ ದಿಕ್ಕು ತಪ್ಪಿತು, ತಾನು ಎಳೆಯುತ್ತಿರುವುದು ಬಿಚ್ಚುವ ಕಡೆಗೋ ಬಿಗಿಯುವ ಕಡೆಗೋ — ಗುಡಿ ಸುತ್ತು, ಕಾಬಾ ಸುತ್ತು, ನೆನಪಾಯಿತು, ಅವನು ಮಕ್ಕಾದಲ್ಲಿ ಉಮ್ರಾ ಮುಗಿಸಿ ಬಂದ ವಾರದಲ್ಲಿ ಗ್ಯಾರೇಜಿನ ನಡುವೆ ನಿಂತು ಎಲೆಯಿಂದ ಕೆಂಪಾದ ಬೆರಳನ್ನು ಗಾಳಿಯಲ್ಲಿ ತಿರುಗಿಸುತ್ತ ಹೇಳಿದ್ದ, ಲೇ ಶಂಕ್ರ್ಯಾ, ಒಂದು ಮಜಾ ಕೇಳಿಲ್ಲಿ, ನೀವು ಗುಡಿ ಸುತ್ತತೀರಿ ನೋಡು, ಅದು ಬೋಲ್ಟ್ ಬಿಗಿ ಮಾಡೂ ಕಡೆ, ನಾವು ಕಾಬಾ ಸುತ್ತತೇವಲ್ಲ, ಅದು ಬಿಚ್ಚೂ ಕಡೆ, ಅಲ್ಲಿ ಸುತ್ತೂ ಮುಂದ ನನಗ ನಗಿ ತಡಕೊಳ್ಳಾಕ ಆಗಲಿಲ್ಲ, ಲಕ್ಷಗಟ್ಟಲೆ ಮಂದಿ ಅಳಾಕತ್ತಾರ, ನಾ ಒಬ್ಬಾಂವ ನಗಾಕತ್ತೇನಿ, ಯಾ ಅಲ್ಲಾ, ಇವರೆಲ್ಲಾ ಬಿಚ್ಚಾಕತ್ತಾರ, ಅಲ್ಲಿ ಶಂಕ್ರ್ಯಾ ಬಿಗಿ ಮಾಡಾಕತ್ತಾನ, ನಡುವ ನಿನಗ ಎಷ್ಟು ತ್ರಾಸ! ಟಾಯರಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು ಇಬ್ಬರೂ, ಆವತ್ತಿನಿಂದ ಶಂಕ್ರಪ್ಪನಿಗೆ ಎಡ ಬಲ ಬೇಕಾಗಲೇ ಇಲ್ಲ, ನಳ ತಿರುಗಿಸುವಾಗಲೂ ಗುಡಿ ಸುತ್ತೋ ಕಾಬಾ ಸುತ್ತೋ ಎಂದೇ ಮನಸ್ಸು ಕೇಳುವುದು. ಕಾಬಾ ಸುತ್ತು, ಸರಿ, ಆ ಕಡೆಗೇ ಎಳೆಯುತ್ತಿದ್ದೇನೆ, ಎಳೆದ, ತೋಳಿನ ನರ ಉಬ್ಬಿತು, ಬರಲಿಲ್ಲ, ಬೋಲ್ಟಿನ ಒಂದು ಮೂಲೆ ಬೆಳ್ಳಗೆ ಹೊಳೆಯಿತು, ಸವೆಯಲು ಸುರುವಾಗಿದೆ. ಕಾರಿನಿಂದ ಕೆಮ್ಮು ಕೇಳಿತು, ಅಕ್ಕಾ, ನೀರು ಬೇಕೇನ್ರಿ, ಬ್ಯಾಡಪಾ, ನೀ ನಿನ್ನ ಕೆಲಸಾ ಮಾಡು, ಎಂದಳು ಮರಿಯಮಬಿ, ಅವಳ ದನಿಯಲ್ಲಿ ಅವಸರವಿಲ್ಲ, ಅದೇ ಅವನಿಗೆ ಇನ್ನೂ ಕಷ್ಟ.

ಒಬ್ಬ ಕಾರು ನಿಲ್ಲಿಸಿದ್ದ, ಒಳ್ಳೆಯ ಮನುಷ್ಯ, ಅಮ್ಮಾರನ್ನ ನಾ ಬಿಡ್ತೇನ್ರಿ ಅಂದ, ಬಾಗಿಲು ತೆಗೆದು ನೋಡಿದರೆ ಮರಿಯಮಬಿಯ ನೆಟ್ಟಗಿನ ಕಾಲು ಅರ್ಧ ಹೊರಗೇ ಉಳಿಯಿತು, ತಪ್ಪು ತಿಳ್ಕೋಬ್ಯಾಡ್ರಿ ಎಂದು ಆತ ಹೋದ. ಆಮೇಲೆ ಟ್ರ್ಯಾಕ್ಟರಿನವನೊಬ್ಬ ಇಳಿದು ಬಂದು ಬಾನೆಟ್ಟಿನೊಳಗೆ ತಲೆ ಹಾಕಿ, ಇದಕ್ಕ್ಯಾಕ ಇಷ್ಟು ಒದ್ದಾಡಾಕತ್ತೀರಿ ಯಜಮಾನ್ರ, ಪಾನಾಕ್ಕ ಪೈಪ್ ಸಿಗಸ್ರಿ, ನನ್ನ ಕಡೆ ಉದ್ದಂದ ಪೈಪ್ ಐತಿ, ಇಬ್ರೂ ಜೋತು ಬಿದ್ರ ಬರದ ಎಲ್ಲಿಗೆ ಹೋಗ್ತೈತಿ, ಎಂದ, ಶಂಕ್ರಪ್ಪನಿಗೆ ಒಂದು ಕ್ಷಣ ಆಸೆಯಾಯಿತು, ಪೈಪು ಹಾಕಿಬಿಡಬೇಕು, ಏನಾದರಾಗಲಿ — ಪೈಪ ಹಾಕಿದ್ರ ಬೋಲ್ಟ್ ಬಿಡಾಂಗಿಲ್ಲೋ, ಮುರೀತೈತಿ, ಮುರಿದ ಬೋಲ್ಟ್ ಅಂದ್ರ ಮುರಿದ ಸಂಬಂಧ, ಅರ್ಧಾ ಒಳಗ ಉಳಿದು ಜೀವ ತಿಂತೈತಿ, ಇದೂ ಹುಸೇನಸಾಬನೇ, ಎಲ್ಲದಕ್ಕೂ ಒಂದು ಮಾತು ಹೇಳಿ ಇಟ್ಟು ಹೋಗಿದ್ದಾನೆ. ಮುರಿದರೆ ಮುಗಿಯಿತು, ಈ ಕಾರು ಇಲ್ಲೇ, ಅಕ್ಕ ಇಲ್ಲೇ, ಅಲ್ಲಿ ಅವರು ಎತ್ತಿಕೊಂಡು ಹೋಗುತ್ತಾರೆ. ಬ್ಯಾಡಪಾ, ಅಂದ, ಟ್ರ್ಯಾಕ್ಟರಿನವನು ಹುಬ್ಬು ಹಾರಿಸಿ, ನಿಮ್ಮ ಮರ್ಜಿ, ಎಂದು ಹೊರಟುಹೋದ, ಅವನ ಟ್ರೇಲರಿನ ಹಿಂದೆ ಧೂಳು ಎದ್ದು ಜೋಳದ ಮೇಲೆ ಕೂತಿತು.

ಕಿಸೆಯೊಳಗೆ ಫೋನು ನಡುಗಿತು. ಅಸದ. ಕಾಕಾ, ಎಲ್ಲಿ ಬಂದ್ರಿ — ಮರಿಯಮಬಿಯ ಕಿಟಕಿ ತೆರೆದೇ ಇದೆ, ಕಿವಿ ಚುರುಕು, ಬಂದ್ವಿಪಾ, ದಾರ್ಯಾಗ ಅದೇವಿ, ಎಂದು ಶಂಕ್ರಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ, ಮೈ ತೊಳದಾತು ಕಾಕಾ, ಕಫನ್ ಸುತ್ತಿದ್ದಾತು, ಆರಾಮ ಅದಾರಲ್ಲ ಮತ್ತ, ಎಂದ ಇವನು ಅಕ್ಕನಿಗೆ ಕೇಳುವಂತೆ ಗಟ್ಟಿಯಾಗಿ, ಗದ್ದ ಬಿಚ್ಚಿಕೊಳ್ಳಾಕತ್ತಿತ್ರಿ ಕಾಕಾ, ಬಿಳಿ ಪಟ್ಟಿಲೆ ಬಿಗಿಯಾಗಿ ಕಟ್ಟೇವಿ, ಹೂಂ, ಹೂಂ, ಔಷಧ ಕೊಟ್ಟಾರಲ್ಲ, ಛಲೋ ಆತು ಬಿಡು, ಫುಪ್ಪು ಬರೂಮಟಾ ಮಾರಿ ಮುಚ್ಚೂದಿಲ್ಲ ಅಂದೇನಿ ಕಾಕಾ, ಆದ್ರ ಜಮಾತಿನ ಹಿರೇರು ಅಸರ್ ದಾಟಸೂದು ಬ್ಯಾಡ ಅಂತಾರ, ಹೊತ್ತು ಮುಳಗೂದರೊಳಗ ಆಗಬೇಕಂತಾರ, ಆತ ಆತ, ಮಲಕೊಳ್ಳಾಕ ಹೇಳು, ನಾವು ಬಂದ ಬಿಡ್ತೇವಿ — ಫೋನು ಕಿಸೆಗೆ ಹಾಕಿಕೊಂಡ, ಮಲಕೊಳ್ಳಾಕ ಹೇಳು, ತನ್ನ ಬಾಯಿಂದ ಎಂಥ ಮಾತು ಬಂತು. ಗದ್ದ ಕಟ್ಟೇವಿ, ಬಿಳಿ ಪಟ್ಟಿಲೆ, ಆ ಗದ್ದ, ಎಲೆ ಜಗಿಯುವ ಗದ್ದ, ಅದರ ಕೆಳಗಿನಿಂದ ಎರಡೂ ಕೆನ್ನೆಯ ಮೇಲೆ ಹಾಯ್ದು ನೆತ್ತಿಯಲ್ಲಿ ಗಂಟು ಬಿದ್ದ ಬಿಳಿ ಪಟ್ಟಿ, ಬೇಡ, ಅದನ್ನು ನೆನೆಯಬಾರದು, ಬೋಲ್ಟು, ಬೋಲ್ಟು ನೋಡು. ಡಬ್ಬಿಯಿಂದ ಚೂರು ಡೀಸೆಲ್ ತೊಟ್ಟಿಕ್ಕಿಸಿದ, ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಮೆಲ್ಲಗೆ ತಟ್ಟಿದ, ಟಕ್ ಟಕ್, ಮಲಗಿದವರನ್ನು ಎಬ್ಬಿಸುವ ಹಾಗೆ ತಟ್ಟಬೇಕು, ಹೊಡೆಯಬಾರದು, ಅವನೇ ಹೇಳಿದ್ದು, ಟಕ್ ಟಕ್, ಏಳೋ, ಏಳೋ ಅಂದರೆ — ಕಣ್ಣಿಗೆ ಬೆವರು ಇಳಿಯಿತು, ಬೆವರೇ ಇರಬೇಕು, ತೋಳಿನಿಂದ ಒರೆಸಿಕೊಂಡ, ಅಳಕೂಡದು, ಅತ್ತರೆ ಅಕ್ಕನಿಗೆ ತಿಳಿಯುತ್ತದೆ.

ಶಂಕ್ರಪ್ಪ, ಇಲ್ಲಿ ಬಾ, ಎಂದಳು ಮರಿಯಮಬಿ. ಬಂದ್ನಿ ಅಕ್ಕಾ, ಇನ್ನೇನ ಬಿಡ್ತೈತಿ. ಬೋಲ್ಟ್ ಇರಲಿ, ನೀ ಬಾ. ಕೈ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಹೋದ, ಅವಳು ಎದುರಿಗೆ ನೋಡುತ್ತಲೇ ಕೂತಿದ್ದಳು, ಸೆರಗಿನ ತುದಿಯ ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಹುಸೇನ ಎಷ್ಟೊತ್ತಿಗೆ ಹ್ವಾದ, ಎಂದು ಕೇಳಿದಳು, ಬಸ್ಸು ಎಷ್ಟು ಹೊತ್ತಿಗೆ ಹೋಯಿತು ಎಂದು ಕೇಳುವಷ್ಟೇ ಮೆಲ್ಲಗೆ. ಶಂಕ್ರಪ್ಪ ಅಂದ, ಇಲ್ಲಕ್ಕಾ, ಆರಾಮ — ಸುಳ್ಳು ಹೇಳಬ್ಯಾಡ ತಮ್ಮಾ, ಸಾಕು, ಮುಂಜಾನಿಂದ ಭಾಳ ದಣದಿ. ಯಾರು ಹೇಳಿದ್ರು ನಿಮಗ, ಎಂದ, ನೀನ ಹೇಳಿದಿ, ಎಂದಳು ಅವಳು, ನನ್ನ ಬಾಗಲಾಗ ನಿಂತು ಹುಸೇನಸಾಬ್ರು ಅಂದಿ, ನನ್ನ ತಮ್ಮಗ ನೀ ರೀ ಹಚ್ಚಿ ಮಾತಾಡಿದ್ದು ನಾ ಈ ಜನ್ಮದಾಗ ಕೇಳಿಲ್ಲ, ಅವಾಗ ನನ್ನ ಎದಿ ಝಲ್ಲಂತು, ಇರಲಿ, ಬೈತಾನ, ಸ್ವಲ್ಪ ದಾರಿ ಸಾಗಿದ ಮ್ಯಾಲ ಬೈತಾನ ಅಂತ ಕಾಕೋಂತ ಕುಂತೆ, ಅಕ್ಕಿಆಲೂರ ಬಂತು, ಹಾನಗಲ್ಲ ಬಂತು, ಗಾಡಿ ಕೆಟ್ಟು ನಿಂತ್ರೂ ಅವನ್ನ ಒಂದು ಮಾತು ಬೈಲಿಲ್ಲಲ್ಲೋ ನೀ. ಸತ್ತವರಿಗೆ ಬೈಯಬಾರದು, ಸತ್ತವರಿಗೆ ಮರ್ಯಾದೆ ಕೊಡಬೇಕು, ಯಾರೂ ಹೇಳಿಕೊಡದೆ ನಾಲಿಗೆ ತಾನೇ ಅದನ್ನು ಮಾಡಿಬಿಟ್ಟಿತ್ತು, ಸೀರಿಯಸ್ ಎಂಬ ಶಬ್ದವನ್ನು ಊರಿಂದ ಊರಿಗೆ ಕಾಯ್ದುಕೊಂಡು ಬಂದವನು ರೀ ಎಂಬ ಒಂದಕ್ಷರಕ್ಕೆ ಸಿಕ್ಕಿಬಿದ್ದ. ಹಂಗಾದ್ರ ನೀವು ಯಾಕ ಕೇಳಲಿಲ್ಲ ಅಕ್ಕಾ, ಎಂದ, ನೀ ಗಾಡಿ ಹೊಡಿಯಾಂವಪಾ, ನಾ ಅತ್ರ ನೀನೂ ಅಳತಿ, ಅತಗೋಂತ ಗಾಡಿ ಹೆಂಗ ಹೊಡೀತಿ, ಅವನ ಮಾರಿ ನೋಡೂಮಟಾ ನಾ ಅಳೂದಿಲ್ಲಂತ ಖಸಮ್ ಹಾಕ್ಕೊಂಡೇನಿ, ಹೋಗು, ನೀ ಬಿಚ್ಚು ಹೋಗು.

ಹೋದ. ಬಾನೆಟ್ಟಿನ ನೆರಳಿನಲ್ಲಿ ಬಗ್ಗಿ ಪಾನಾ ಹಿಡಿದರೆ ಏನೂ ಕಾಣುತ್ತಿಲ್ಲ, ಕಣ್ಣ ತುಂಬ ನೀರು, ಮೂಗಿನ ತುದಿಯಿಂದ ಹನಿ ಬೋಲ್ಟಿನ ಮೇಲೇ ಬೀಳುತ್ತಿದೆ, ಬೀಳಲಿ, ಇನ್ನು ಬಚ್ಚಿಡುವುದೇನಿದೆ, ಮಂಗ್ಯಾನ ಮಗನ, ಎಂದ, ಮೊದಲು ಪಿಸುಮಾತು, ಆಮೇಲೆ ದನಿ ತನ್ನಷ್ಟಕ್ಕೆ ಏರಿತು, ಭಾಡ್ಯಾ, ಹಲ್ಕಟ್, ಹೇಳದ ಕೇಳದ ಹ್ವಾದಿ, ಇಷ್ಟು ಬಿಗಿ ಯಾರಿಗೆ ಮಾಡಿಟ್ಟಿ ಇದನ್ನ, ಬಿಚ್ಚಾಂವ ನೀನ ಅಂದ್ಕೊಂಡಿ ಏನೋ ಹುಚ್ಚಪ್ಯಾಲಿ, ಎದಿ ನೋಯಾಕತ್ತೈತಿ ಅಂತ ಬಾಯಿ ಬಿಡಾಕ ಏನಾಗಿತ್ತು, ಊರ ಮಂದಿಗೆಲ್ಲಾ ಬೈಯಾಕ ಬಾಯಿತ್ತು, ನನಗ ಒಂದು ಮಾತು ಹೇಳಾಕ ಇರಲಿಲ್ಲೇನೋ ಮಂಗ್ಯಾನ ಮಗನ — ಜೋಳ ಕಾಯುತ್ತಿದ್ದ ಹೆಂಗಸು ದೂರದಲ್ಲಿ ಎದ್ದು ನಿಂತು ನೋಡಿದಳು, ನೋಡಲಿ, ಮೊದ್ಲ ಚೂರು ಬಿಗಿ ಮಾಡೋ, ಎಂದು ಒಳಗೆ ಎಲ್ಲಿಂದಲೋ ಅವನದೇ ದನಿ ಕೇಳಿತು, ತುಕ್ಕು ಹಿಡಿದು ಕೂತ ಬೋಲ್ಟನ್ನ ಬಿಚ್ಚಬೇಕಂದ್ರ ಮೊದ್ಲ ಬಿಗಿ ಮಾಡಬೇಕು, ಕೂದಲೆಳೆಯಷ್ಟು, ಜಂಗು ಅಲ್ಲೇ ಒಡೀತೈತಿ, ಇದನ್ನು ಹೇಗೆ ಮರೆತೆ, ಗುಡಿ ಸುತ್ತಿನ ಕಡೆಗೆ ಒತ್ತಿದ, ಒತ್ತಿ ಹಿಡಿದ, ಆಮೇಲೆ ಉಸಿರು ಬಿಗಿಹಿಡಿದು ಕಾಬಾ ಸುತ್ತಿನ ಕಡೆಗೆ, ಎರಡೂ ಕೈ, ಇಡೀ ಮೈ, ಬಿಡೋ, ಬಿಡೋ ಮಂಗ್ಯಾನ ಮಗನ, ಬಿಡು — ಕಟ್ ಎಂದಿತು. ಮುರಿಯಿತು ಎಂದುಕೊಂಡು ಕಣ್ಣು ಮುಚ್ಚಿದ. ಮುರಿದಿರಲಿಲ್ಲ. ಬೆರಳಿಗೆ ಸಿಕ್ಕಿ ಬೋಲ್ಟು ಸುಮ್ಮನೆ ತಿರುಗುತ್ತಿತ್ತು, ಸುತ್ತಿನ ನಡುವೆ ಡೀಸೆಲ್ ಒಸರಿ ಬೆರಳುಗಳ ಮೇಲೆ ತಣ್ಣಗೆ ಇಳಿಯುತ್ತಿತ್ತು.

ಆಮೇಲಿನದೆಲ್ಲ ಕೈಗಳಿಗೆ ಗೊತ್ತಿತ್ತು, ಬಟ್ಟಲು ಇಳಿಸು, ಕರಿ ರಾಡಿ ಚೆಲ್ಲು, ಹಳೇ ಫಿಲ್ಟರು ಎಸೆ, ರಬ್ಬರಿನ ಉಂಗುರ ನೆಟ್ಟಗೆ ಕೂಡಿಸು, ಹೊಸದನ್ನು ಹಾಕಿ ಬಿಗಿ ಮಾಡು, ಸಾಕು, ಇಷ್ಟು ಸಾಕು, ಮುಂದೆ ಯಾರೋ ಬಿಚ್ಚಬೇಕಲ್ಲ, ಹವಾ ತೆಗೆ, ಸಣ್ಣ ಪಂಪನ್ನು ಹೆಬ್ಬೆರಳಿನಿಂದ ಒತ್ತು ಒತ್ತು, ಗುಳ್ಳೆ ಬರುತ್ತದೆ, ಇನ್ನೂ ಗುಳ್ಳೆ, ಈಗ ಬರೀ ಡೀಸೆಲ್, ಚಾವಿ ತಿರುವಿದ, ಗೊರಗೊರ ಎಂದು ಒಂದಷ್ಟು ಹೊತ್ತು ಸತಾಯಿಸಿ ಇಂಜಿನ್ನು ಹಿಡಿಯಿತು. ಬಂಕಾಪುರ ದಾಟುವಾಗ ಅಸರ್ ಅಜಾನ್ ಕೇಳಿತು, ಮರಿಯಮಬಿ ಸೆರಗು ತಲೆಗೆ ಎಳೆದುಕೊಂಡದ್ದು ಕನ್ನಡಿಯಲ್ಲಿ ಕಂಡಿತು, ಅಂಬಾಸಿಡರು ತನ್ನ ವಯಸ್ಸು ಮರೆತು ಓಡಿತು, ಓಡುವ ರಸ್ತೆಯ ಮೇಲೆ, ಎದುರಿನ ಗಾಜಿನ ಮೇಲೆ, ಗದ್ದ ಕಟ್ಟೇವಿ ಕಾಕಾ, ಬಿಳಿ ಪಟ್ಟಿಲೆ, ಹಾರ್ನು ಒತ್ತಿದ, ಎಮ್ಮೆ ಸರಿಯಿತು, ಬಿಳಿ ಪಟ್ಟಿ ಸರಿಯಲಿಲ್ಲ. ಸವಣೂರಿನ ಓಣಿಯಲ್ಲಿ ಬಿಳಿ ಟೊಪ್ಪಿಗೆಗಳೇ ಟೊಪ್ಪಿಗೆಗಳು, ಜನಾಜಾ ಹೆಗಲಿಗೆ ಏರಿಯೇಬಿಟ್ಟಿತ್ತು, ಈ ಕಾರಿನ ಹಾರ್ನು ಓಣಿಗೆಲ್ಲ ಗುರುತು, ಶಂಕ್ರಪ್ಪ ಕಾಕಾ ಬಂದ್ರು, ಫುಪ್ಪು ಬಂದ್ಳು, ಇಳಸ್ರಿ, ಇಳಸ್ರಿ, ಅಸದನ ಕೂಗು, ಹೆಗಲುಗಳು ಮೆಲ್ಲಗೆ ಬಗ್ಗಿದವು, ಹಿರಿಯರು ಬದಿಗೆ ಸರಿದು ನಿಂತರು.

ಮರಿಯಮಬಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ ಎತ್ತಿ ತಂದು ಅಂಗಳದಲ್ಲಿ ಜನಾಜಾದ ಪಕ್ಕಕ್ಕೆ ಇಟ್ಟರು, ಮುಖದ ಬಟ್ಟೆ ಸರಿಸಿದರು, ನೋಡಿದಳು, ಬಾಟಲಿಯ ಬಿರಡೆ ತೆಗೆದು ಜಮ್‌ಜಮ್ ನೀರನ್ನು ಬೆರಳಿನಿಂದ ಅವನ ಹಣೆಗೆ ಸವರಿದಳು, ಸಣ್ಣಂವ ಅದೀಯೋ ನನಗಿಂತ, ಎಂದಳು, ಹಾಕಿಕೊಂಡ ಆಣೆ ಅಲ್ಲಿಗೆ ಮುಗಿಯಿತು, ಅಳುವ ಅವಳನ್ನು ಗೌಸಬಿಯ ಕಡೆಯ ಹೆಂಗಸರು ಒಳಗೆ ಎತ್ತಿಕೊಂಡು ಹೋದರು. ಕಾಕಾ, ನೀವೂ ನೋಡ್ರಿ, ಎಂದು ಅಸದ ದಾರಿ ಬಿಡಿಸಿದ, ಎಣ್ಣೆ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶಂಕ್ರಪ್ಪ ಬಗ್ಗಿದ, ಅತ್ತರಿನ ವಾಸನೆ, ಹತ್ತಿ, ಮುಚ್ಚಿದ ಕಣ್ಣು, ಒಂದು ಹುಬ್ಬಿನಲ್ಲಿ ಯಾವತ್ತಿನದೋ ಗ್ರೀಸಿನ ಕಪ್ಪು ಎಷ್ಟು ತೊಳೆದರೂ ಹೋಗದೆ ಉಳಿದಿದೆ, ಮುಖ ಮುಟ್ಟುವಷ್ಟು ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ, ಏ ಮಂಗ್ಯಾನ ಮಗನ, ಅದೀಯೇನು, ಅಂದ. ಅಂದು ನಿಂತ. ಇಷ್ಟು ವರ್ಷ ಅಂದ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂದು ಮೈಗೆ ರೂಢಿಯಾಗಿತ್ತು, ಕೂಗುವುದು, ಒಂದು ಗಳಿಗೆ, ಆಮೇಲೆ ಜವಾಬು, ಅಷ್ಟು ಹೊತ್ತು ನಿಂತ, ಅಷ್ಟು ಹೊತ್ತು ಮುಗಿಯಿತು, ಇನ್ನೂ ನಿಂತ, ಕಾಕಾ, ಹೊತ್ತಾತ್ರಿ, ಎಂದು ಯಾರೋ ತೋಳು ಮುಟ್ಟಿದರು, ಬರ್ತೇನಿ, ತಡೀರಿ, ಜವಾಬು ಬರಲಿ, ಬಾರಪಾ ಅನ್ನಲಿ, ಬಾರಪಾ ಮಂಗ್ಯಾ — ಗದ್ದದ ಕೆಳಗಿನಿಂದ ಕೆನ್ನೆ ಹಾಯ್ದು ನೆತ್ತಿಗೆ ಹೋದ ಬಿಳಿ ಪಟ್ಟಿ, ನೆತ್ತಿಯ ಮೇಲೆ ಗಂಟು, ಗದ್ದ, ಬಿಳಿ ಪಟ್ಟಿ, ಬಾರಪಾ ಅನ್ನಲಿ, ಗದ್ದ, ಬಿಳಿ ಪಟ್ಟಿ, ಬಿಳಿ ಪಟ್ಟಿ.